ವಾಲ್ವಿನ ಮೇಲೆ ಹತ್ತು ಗ್ರಾಂ

ಮಂಗಳೂರಿನ ಕಂಕನಾಡಿಯಿಂದ ಪಂಪ್‌ವೆಲ್‌ಗೆ ಇಳಿಯುವ ದಾರಿಯ ಒಂದು ಟೈರ್ ಅಂಗಡಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಕಂಪ್ರೆಸರ್ ಗುಡುಗುತ್ತಿರುತ್ತದೆ. ಪಂಪ್‌ವೆಲ್ ಮುಟ್ಟಿದರೆ ಒಂದು ದಾರಿ ತಲಪಾಡಿ ಮೂಲಕ ಕಾಸರಗೋಡಿಗೆ, ಇನ್ನೊಂದು ಪಡೀಲ್, ಬಿ.ಸಿ.ರೋಡ್ ಹಿಡಿದು ಶಿರಾಡಿಗೋ ಚಾರ್ಮಾಡಿಗೋ. ಘಾಟಿ ಹತ್ತುವ ಬೈಕಿನವರು ಹೊರಡುವ ಮೊದಲು ಗಾಳಿ ನೋಡಿಸಿಕೊಳ್ಳಲು ಇಲ್ಲಿ ನಿಲ್ಲುತ್ತಾರೆ. ಈಗೀಗ ಕೆಲವರ ಕೈಯಲ್ಲಿ ಒಂದು ಪುಟ್ಟ ಡಬ್ಬಿಯೂ ಇರುತ್ತದೆ: ಎರಡು ಕಪ್ಪು ಮುಚ್ಚಳ, ಹ್ಯಾಂಡಲಿಗೆ ಕಟ್ಟುವ ಒಂದು ಪರದೆ. ಟೈರಿನ ಗಾಳಿ ಎಷ್ಟಿದೆ ಎಂದು ಓಡುತ್ತಿರುವಾಗಲೇ ತೋರಿಸುವ ಸೆನ್ಸರ್.

ಮೈಸೂರಿನ ವಿಕ್ರಾಂತ್ ಕಾರ್ಖಾನೆಯನ್ನು 1997ರಲ್ಲಿ ತನ್ನದಾಗಿಸಿಕೊಂಡ ಜೆಕೆ ಟೈರ್ ಕೂಡ ಟ್ರೀಲ್ ಹೆಸರಿನಲ್ಲಿ ಇಂಥ ಸೆನ್ಸರ್ ತಂದಿದೆ. ಹೆಸರಿಲ್ಲದ ಅಗ್ಗದವೂ ಬೇಕಾದಷ್ಟಿವೆ. ಟೈರಿನ ಒಳಗೆ ಕೂರುವ ಬಗೆಗೆ ಟೈರ್ ಬಿಚ್ಚಬೇಕು. ಇಲ್ಲಿಗೆ ಬರುವವರು ಹೆಚ್ಚಾಗಿ ತರುವುದು ವಾಲ್ವಿನ ಮೇಲೆ ತಿರುಗಿಸಿ ಕೂರಿಸುವ ಹೊರಗಿನ ಬಗೆಯನ್ನು.

ಮೆಕ್ಯಾನಿಕ್ ಡಬ್ಬಿಯನ್ನು ಬದಿಗಿಟ್ಟು ಮೊದಲು ವಾಲ್ವಿನ ಕಾಂಡವನ್ನು ಹೆಬ್ಬೆರಳಿನಿಂದ ಬಾಗಿಸಿ ನೋಡುತ್ತಾರೆ. ಬುಡದ ರಬ್ಬರಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಸೆನ್ಸರ್ ಹಾಕುವುದಿಲ್ಲ. ಈ ಹಟ ನನಗೆ ತುಂಬ ಸರಿ ಅನ್ನಿಸಿತು. ಸೆನ್ಸರಿನ ತೂಕ ಹತ್ತು ಗ್ರಾಂ ಆಸುಪಾಸು. ನಿಂತ ಬೈಕಿನಲ್ಲಿ ಅದು ಏನೂ ಅಲ್ಲ. ಆದರೆ 17 ಇಂಚಿನ ಚಕ್ರ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸುತ್ತುವಾಗ ವಾಲ್ವಿನ ತುದಿಯ ಮೇಲಿನ ಸೆಳೆತ ಭೂಮಿಯ ಗುರುತ್ವದ ಸುಮಾರು ನೂರು ಪಟ್ಟು. ಅಂದರೆ ಹತ್ತು ಗ್ರಾಂ ಸುಮಾರು ಒಂದು ಕಿಲೋದಷ್ಟು ಜಗ್ಗುತ್ತದೆ. ವೇಗ ಹೆಚ್ಚಿದರೆ ಅದರ ವರ್ಗದ ಲೆಕ್ಕದಲ್ಲಿ ಸೆಳೆತವೂ ಹೆಚ್ಚುತ್ತದೆ. ಹಳೆಯ ರಬ್ಬರ್ ವಾಲ್ವ್ ಅದನ್ನು ಎಷ್ಟು ದಿನ ತಡೆದೀತು? ಅದಕ್ಕೇ ಇಲ್ಲಿ ಟ್ಯೂಬ್‌ಲೆಸ್ ಚಕ್ರಕ್ಕೆ ಅಡ್ಡಕ್ಕೆ ತಿರುಗಿದ ಲೋಹದ ವಾಲ್ವ್ ಹಾಕಿಸಿಕೊಳ್ಳಿ ಎನ್ನುತ್ತಾರೆ. ಅಲಾಯ್ ಚಕ್ರವಿಲ್ಲದ, ಟ್ಯೂಬ್ ಇರುವ ಬೈಕಾದರೆ ಅವರ ಎಚ್ಚರಿಕೆಯ ಮಾತು ಇನ್ನೂ ಬಿಗಿ.

ಕಡಲ ಊರಿಗೆ ಇನ್ನೊಂದು ಸಂಕಟವಿದೆ: ಉಪ್ಪು. ಅಲ್ಯೂಮಿನಿಯಂ ಕಾಂಡ, ಅದರ ಮೇಲೆ ಸೆನ್ಸರಿನ ಹಿತ್ತಾಳೆಯ ಮರೆ (ತಿರುಪಿನ ಗೆರೆ), ನಡುವೆ ಉಪ್ಪಿನ ತೇವ. ಬೇರೆಬೇರೆ ಲೋಹಗಳು ಹೀಗೆ ಸೇರಿದರೆ ವಿದ್ಯುತ್ ಹರಿದು ಅಲ್ಯೂಮಿನಿಯಂ ಕರಗುತ್ತದೆ, ಬಿಳಿ ಪುಡಿ ಕಟ್ಟುತ್ತದೆ, ಮರೆ ಕಚ್ಚಿಕೊಳ್ಳುತ್ತದೆ. ಪಣಂಬೂರು, ತಣ್ಣೀರುಬಾವಿ, ಉಳ್ಳಾಲದ ಕಡೆ ದಿನವೂ ಓಡಾಡುವ ಬೈಕುಗಳಿಗೆ ಇದು ದೂರದ ಮಾತಲ್ಲ. ಕಚ್ಚಿಕೊಂಡ ಸೆನ್ಸರನ್ನು ಇಕ್ಕಳ ಹಾಕಿ ತಿರುಗಿಸಿದರೆ ಕಾಂಡವೇ ಮುರಿದು ಕೈಗೆ ಬರುತ್ತದೆ. ಇದೇ ಕಾರಣಕ್ಕೆ ಅಲ್ಯೂಮಿನಿಯಂ ವಾಲ್ವಿನೊಳಗೆ ನಿಕ್ಕಲ್ ಲೇಪಿಸಿದ ಪಿನ್ನನ್ನೇ ಹಾಕಬೇಕು, ಬರಿಯ ಹಿತ್ತಾಳೆಯದ್ದನ್ನಲ್ಲ.

ಇಷ್ಟಾದ ಮೇಲಿನ ಕೆಲಸ ಸಣ್ಣದು. ತಣ್ಣಗಿರುವ ಟೈರಿಗೆ ಕಂಪನಿ ಹೇಳಿದಷ್ಟು ಗಾಳಿ. ಅಂದು ನಾವು ತಂದಿದ್ದ ಬೈಕಿಗೆ ಮುಂದೆ 29, ಹಿಂದೆ 33 ಪಿಎಸ್‌ಐ. ಮೊದಲು ಲಾಕ್ ನಟ್ಟು, ಆಮೇಲೆ ಬೆರಳಿನಿಂದಲೇ ಸೆನ್ಸರ್. ಒಂದು ಕ್ಷಣ ‘ಸುಯ್’ ಎಂದು ಸದ್ದಾಗಿ ನಿಲ್ಲುತ್ತದೆ. ಸೆನ್ಸರಿನ ತಳ ವಾಲ್ವಿನ ಪಿನ್ನನ್ನು ಒತ್ತಿಹಿಡಿಯುತ್ತದೆ. ಅಲ್ಲಿಂದಾಚೆಗೆ ಗಾಳಿ ತಡೆಯುವುದು ಒಳಗಿನ ರಬ್ಬರ್ ವಾಷರ್ ಒಂದೇ. ಸಾಬೂನು ನೀರು ಬಿಟ್ಟು ಗುಳ್ಳೆ ಏಳುತ್ತದೆಯೇ ಎಂದು ನೋಡುವುದನ್ನು ಯಾರೂ ಬಿಡಬಾರದು. ಕೊನೆಗೆ ಮೆಕ್ಯಾನಿಕ್ ಹಿಂದಿನ ಚಕ್ರವನ್ನು ಕೈಯಲ್ಲಿ ನಿಧಾನ ಸುತ್ತಿಸಿ, ಸೆನ್ಸರ್ ಬ್ರೇಕ್ ಕ್ಯಾಲಿಪರಿಗೆ ತಾಗುತ್ತಿಲ್ಲ ಎಂದು ಖಚಿತ ಮಾಡಿಕೊಂಡರು.

ಬೆಂದೂರು, ಕದ್ರಿ, ನಂತೂರು ಸುತ್ತಿ ಬಂದೆವು. ಮಂಗಳೂರಿನ ಕಾಂಕ್ರೀಟ್ ರಸ್ತೆಗಳು ಹನ್ನೊಂದು ಗಂಟೆಗೇ ಕಾದಿರುತ್ತವೆ. ಪರದೆಯಲ್ಲಿ ಹಿಂದಿನ ಅಂಕಿ 33 ದಾಟಿ 35 ಮುಟ್ಟಿತು. ಗಾಬರಿಯಿಂದ ಗಾಳಿ ಬಿಡಲು ಹೋಗಬಾರದು. ಒಳಗಿನ ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಒತ್ತಡ ಒಂದೂವರೆ ಪಿಎಸ್‌ಐಯಷ್ಟು ಏರುವುದು ಸಹಜ. ಕಂಪನಿಯ ಅಂಕಿ ತಣ್ಣಗಿನ ಟೈರಿನದು. ಕಣ್ಣಿಡಬೇಕಾದದ್ದು ಇಳಿಯುವ ಅಂಕಿಯ ಮೇಲೆ. ಸಣ್ಣ ಮೊಳೆ ಚುಚ್ಚಿದ ಟ್ಯೂಬ್‌ಲೆಸ್ ಟೈರು ಮೆಲ್ಲಗೆ ಗಾಳಿ ಕಳೆದುಕೊಳ್ಳುತ್ತದೆ, ಸವಾರನಿಗೆ ಗೊತ್ತಾಗುವುದು ಚಾರ್ಮಾಡಿಯ ತಿರುವಿನಲ್ಲಿ ಬೈಕು ಜಾರಿದಾಗ. ಉಜಿರೆಯಲ್ಲೇ ಸೆನ್ಸರ್ ಬೀಪ್ ಎಂದರೆ ಅಲ್ಲೇ ಪಂಚರ್ ಹಾಕಿಸಬಹುದು. ಮಳೆಗಾಲದಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಹತ್ತುವವರಿಗೆ ಇದು ಶೋಕಿಯ ವಸ್ತುವಲ್ಲ ಎಂದೇ ನನ್ನ ನಂಬಿಕೆ.

ಘಾಟಿ ಹತ್ತಿದ ಮೇಲೆ ಒಂದು ಗೊಂದಲ ಕಾದಿದೆ. ಇಂಥ ಎಷ್ಟೋ ಸೆನ್ಸರುಗಳು ಹೊರಗಿನ ಹವೆಯ ಒತ್ತಡ ಸಮುದ್ರಮಟ್ಟದ್ದೇ ಎಂದು ಹಿಡಿದು ಲೆಕ್ಕ ಹಾಕುತ್ತವೆ. ಮಂಗಳೂರಿನಲ್ಲಿ ಆ ಲೆಕ್ಕ ಸರಿ. 1,100 ಮೀಟರಿಗೂ ಎತ್ತರದ ಮಡಿಕೇರಿಯಲ್ಲಿ ಹೊರಗಿನ ಹವೆ ತೆಳು. ಅಲ್ಲಿ ಕೈಗೇಜು ಸೆನ್ಸರಿಗಿಂತ ಸುಮಾರು ಎರಡು ಪಿಎಸ್‌ಐ ಹೆಚ್ಚು ತೋರಿಸಬಹುದು. ಯಂತ್ರ ಕೆಟ್ಟಿದೆ ಎಂದು ತಿಳಿಯಬೇಕಿಲ್ಲ.

ಹಣ ಎಣಿಸುವಾಗ ಮೆಕ್ಯಾನಿಕ್ ಹೇಳಿದ್ದು ಇಷ್ಟು: ತಿಂಗಳಿಗೊಮ್ಮೆ ಬಿಚ್ಚಿ ಮರೆಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಒಂದಿಷ್ಟು ಸಿಲಿಕೋನ್ ಗ್ರೀಸ್ ಹಚ್ಚಿ, ಜೂನ್‌ಗೆ ಮೊದಲು ಬಟನ್ ಬ್ಯಾಟರಿ ಮತ್ತು ವಾಷರ್ ಬದಲಿಸಿ, ಹಳೆಯ ಪ್ಲಾಸ್ಟಿಕ್ ಮುಚ್ಚಳಗಳನ್ನು ಎಸೆಯದೆ ಸೀಟಿನಡಿ ಇಟ್ಟುಕೊಳ್ಳಿ.