ಊರಲ್ಲಿ ತಮ್ಮನ ಹಾವಿನ ಬಿಸಿನೆಸ್, ಪುಣೆಯಲ್ಲಿ ಅಣ್ಣನ ಎಕ್ಸೆಲ್ ಶೀಟ್

ಹಿಂಜವಡಿಯಲ್ಲಿ ಕೆಲಸ ಮಾಡೋ ಒಬ್ಬರು ಕೇಳಿದ ಪ್ರಶ್ನೆಯೇ ಇವತ್ತಿನ ವಿಷಯ. ಅವರ ತಮ್ಮ ಮೈಸೂರಿನ ಮನೆಯಲ್ಲಿ ಬಾಲ್ ಪೈಥಾನ್ ಸಾಕಿದ್ದಾನೆ. ಮರಿ ಮಾಡಿಸಿ ಮಾರ್ತೀನಿ, ಎರಡು ಲಕ್ಷ ಕೊಡು ಅಂತಿದ್ದಾನೆ. ಅಮ್ಮ ಆ ರೂಮಿನ ಕಡೆ ತಲೆ ಹಾಕಲ್ಲ. "ಕೊಡಲಾ ಸರ್, ಬೇಡ್ವಾ?"

ದುಡ್ಡಿನ ಮಾತು ಆಮೇಲೆ. ಮೊದಲು ತಮ್ಮನಿಗೆ ಫೋನ್ ಮಾಡಿ, ಹಾವಿನ ಕಾಗದ ಎಲ್ಲಿದೆ ಅಂತ ಕೇಳಿ.

ಬಾಲ್ ಪೈಥಾನ್ ಆಫ್ರಿಕಾದ ಹಾವು. ನಮ್ಮ ಹೆಬ್ಬಾವನ್ನು ಸಾಕುವಂತೆಯೇ ಇಲ್ಲ. ವಿದೇಶಿ ಹಾವಿಗೆ ಅವಕಾಶ ಇದೆ, ಆದರೆ ಲೆಕ್ಕ ಕೊಡಬೇಕು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರೋ ಪ್ರಾಣಿಗಳು ನಾಲ್ಕನೇ ಶೆಡ್ಯೂಲ್‌ಗೆ ಬಂದವು. ಬಾಲ್ ಪೈಥಾನ್ ಅದರಲ್ಲಿದೆ. 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಇವನ್ನು ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಕೈ ಬದಲಾದರೂ, ಸತ್ತರೂ ತಿಳಿಸಬೇಕು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ, ಆರು ತಿಂಗಳೊಳಗೆ ತಾವಾಗಿ ಘೋಷಿಸಿದವರಿಗೆ ದಾಖಲೆ ಕೇಳಲ್ಲ ಅಂದಿತ್ತು. ಹಾಗಾಗಿ ತಾಯಿ ಹಾವು ಯಾರಿಂದ ಬಂತು, ಅವರು ಘೋಷಿಸಿದ್ದರಾ ಅನ್ನೋದು ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರ ಇಲ್ಲದಿದ್ದರೆ ನಿಮ್ಮ ಎರಡು ಲಕ್ಷ ಕಾಗದವಿಲ್ಲದ ಸೈಟಿಗೆ ಅಡ್ವಾನ್ಸ್ ಕೊಟ್ಟ ಹಾಗೆ.

ಇಲ್ಲೇ ಅಣ್ಣನ ಕೆಲಸ ಇರೋದು. ಹಾವು ಮುಟ್ಟೋರಿಗೆ ಸಾಮಾನ್ಯವಾಗಿ ಕಾಗದ ಮುಟ್ಟೋದು ಆಗಲ್ಲ. (ತಮ್ಮಂದಿರು ಬೈಕೋಬೇಡಿ.) ಒಂದು ಶೀಟ್ ಮಾಡಿ. ಪ್ರತಿ ಹಾವಿಗೂ ಒಂದು ನಂಬರ್. ಫೋಟೋ, ಬಂದ ದಿನ, ಯಾರಿಂದ, ತೂಕ, ಊಟ ಮಾಡಿದ ದಿನ, ಪೊರೆ ಬಿಟ್ಟ ದಿನ, ಪೋರ್ಟಲ್ ಅರ್ಜಿ ಸಂಖ್ಯೆ. ತಮ್ಮ ವಾಟ್ಸಾಪ್‌ನಲ್ಲಿ ಹೇಳಲಿ, ನೀವು ತುಂಬಿ. ಅಂಗಡಿ ಹಾಕಿ ಮಾರೋದಾದರೆ 2018ರ ಪೆಟ್ ಶಾಪ್ ನಿಯಮದಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿಯೂ ಬೇಕು.

ಈಗ ದುಡ್ಡು. ಹೆಣ್ಣು ಮೊಟ್ಟೆಯಿಡೋ ಹೊತ್ತಿಗೆ ಸುಮಾರು ಮೂರು ವರ್ಷ. ವರ್ಷಕ್ಕೆ ಒಂದೇ ಸಲ, ಒಂದು ಸಲಕ್ಕೆ ಹೆಚ್ಚಾಗಿ ನಾಲ್ಕರಿಂದ ಆರು ಮೊಟ್ಟೆ. ಕೆಲವು ವರ್ಷ ಅದೂ ಇಲ್ಲ. ಇದರ ಮಧ್ಯೆ ಇಲಿ ತರಬೇಕು, ಕರೆಂಟ್ ಬಿಲ್ ಕಟ್ಟಬೇಕು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಊಟ ಬಿಡೋ ಹಾವುಗಳೂ ಉಂಟು. ತಿಂಗಳ ಇಎಂಐ ಕಟ್ಟೋ ಆದಾಯ ಇದಲ್ಲ ಅಂತ ತಮ್ಮನಿಗೆ ಮೊದಲೇ ಹೇಳಿ. ಎರಡು ಲಕ್ಷ ಒಟ್ಟಿಗೆ ಕೊಡೋ ಬದಲು ಇನ್‌ಕ್ಯುಬೇಟರ್, ಥರ್ಮೋಸ್ಟಾಟ್, ಇನ್ವರ್ಟರ್ ನೀವೇ ಕೊಡಿಸಿ.

ಇನ್ವರ್ಟರ್ ಯಾಕೆ? ಮೊಟ್ಟೆಗೆ 31–32 ಡಿಗ್ರಿ ಶಾಖ ಸುಮಾರು ಎರಡು ತಿಂಗಳು ಒಂದೇ ಸಮ ಬೇಕು. ಜಾಸ್ತಿಯಾದರೆ ಒಳಗಿನ ಮರಿ ಸಾಯುತ್ತೆ, ಇಲ್ಲವೇ ಬೆನ್ನು ಸೊಟ್ಟಗಾಗಿ ಹುಟ್ಟುತ್ತೆ. ಮೊಟ್ಟೆ ತೆಗೆದಿಡುವಾಗ ಮೇಲ್ಭಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಕೋಳಿ ಮೊಟ್ಟೆ ಥರ ಇದನ್ನ ತಿರುಗಿಸಬಾರದು. ಒಂದು ವೈಫೈ ಸೆನ್ಸರ್ ಇಟ್ಟರೆ ಶಾಖ ಏರಿದಾಗ ಅಲರ್ಟ್ ಪುಣೆಗೇ ಬರುತ್ತೆ. ಪ್ರೊಡಕ್ಷನ್ ಸರ್ವರ್ ಕಾಯೋ ನಿಮಗೆ ಇದು ಹೊಸದೇನಲ್ಲ.

ಇನ್ನೊಂದು ವಿಷಯ ಇದೆ. ಹಾವು ಮಾರ್ತಾನೆ ಅಂತ ಹೆಸರಾದ ಮೇಲೆ "ನಕ್ಷತ್ರ ಆಮೆ ಇದೆಯಾ, ಎರಡು ತಲೆ ಹಾವು ಸಿಗುತ್ತಾ" ಅಂತ ಫೋನ್ ಬರಬಹುದು, ಒಳ್ಳೆ ರೇಟೂ ಹೇಳಬಹುದು. ಎರಡೂ ನಮ್ಮ ಕಾಡಿನವು, ವ್ಯಾಪಾರ ಮಾಡಿದರೆ ಕೇಸು, ಜೈಲು. ಅದಕ್ಕೇ ಬುಕಿಂಗ್ ಫೋನ್ ನಂಬರ್ ನಿಮ್ಮ ಹತ್ರಾನೇ ಇರಲಿ. ದುಡ್ಡು ಬೇಕಾಗಿರೋ ತಮ್ಮನಿಗಿಂತ ಪುಣೆಯಲ್ಲಿರೋ ಅಣ್ಣನಿಗೆ "ಇಲ್ಲ" ಅನ್ನೋದು ಸುಲಭ.