ಕರಟದೊಳಗಿನ ತೋಟ

ನಾಲ್ಕೈದು ವರ್ಷದ ಮಗುವೊಂದು ಹೆಸರುಕಾಳನ್ನು ಮಣ್ಣಿನಲ್ಲಿ ಊರಿತೆಂದರೆ, ಮರುದಿನ ಬೆಳಿಗ್ಗೆ ಅದು ಮಾಡುವ ಮೊದಲನೆಯ ಕೆಲಸ ಯಾವುದು? ನೀರೆರೆಯುವುದಲ್ಲ, ಊರಿದ ಕಾಳನ್ನು ಕೆದಕಿ ನೋಡುವುದು. ಹಿರಿಯರು ಇದನ್ನು ಕಂಡು ಗದರಿಸುವುದುಂಟು. ಆದರೆ ಆ ಮಗು ಮಾಡಿದ ತಪ್ಪಾದರೂ ಏನು? ಮಣ್ಣಿನೊಳಗೆ ಏನು ನಡೆಯುತ್ತಿದೆ ಎಂಬ ಪ್ರಶ್ನೆಯನ್ನು ಅದು ತನಗೆ ತಿಳಿದ ಒಂದೇ ಉಪಾಯದಿಂದ ಕೇಳಿದೆ. ಸಸ್ಯವಿಜ್ಞಾನಿಯು ಕೇಳುವುದೂ ಅದೇ ಪ್ರಶ್ನೆಯನ್ನು. ಮೊಳಕೆಗೆ ಅಪಾಯವಾಗದಂತೆ ಈ ಕುತೂಹಲವನ್ನು ತಣಿಸುವುದು ಹೇಗೆ ಎಂಬುದೇ ಎಳೆಯರಿಗೆ ತೋಟದ ಕೆಲಸವನ್ನು ಕಲಿಸಹೊರಟವರ ಮೊದಲ ಸಮಸ್ಯೆ.

ಶಾಲೆಗೂ ತೋಟಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಜರ್ಮನಿಯ ಥುರಿಂಗಿಯ ಪ್ರಾಂತದಲ್ಲಿ 1782ರಲ್ಲಿ ಹುಟ್ಟಿದ ಫ್ರೆಡರಿಕ್ ಫ್ರೋಬೆಲ್ ಎಂಬಾತನು ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡನು. ಹದಿಹರೆಯದಲ್ಲಿ ಅರಣ್ಯಾಧಿಕಾರಿಯೊಬ್ಬನ ಬಳಿ ಕೆಲಸ ಕಲಿಯಲು ಸೇರಿ, ಗಿಡಮರಗಳ ಸಹವಾಸದಲ್ಲಿ ಎರಡು ವರ್ಷ ಕಳೆದನು. ಮುಂದೆ ಶಿಕ್ಷಕನಾಗಿ, ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದನು. 1840ರಲ್ಲಿ ಅದಕ್ಕೆ ಆತನಿಟ್ಟ ಹೆಸರು ‘ಕಿಂಡರ್‌ಗಾರ್ಟನ್’. ಎಂದರೆ ಮಕ್ಕಳ ತೋಟ. ಈ ಹೆಸರನ್ನು ಬರಿಯ ಉಪಮೆಯೆಂದು ತಿಳಿಯುವವರು ಬಹಳ ಮಂದಿ. ಫ್ರೋಬೆಲನಿಗಾದರೋ ಅದು ನಿಜವಾದ ತೋಟವೂ ಆಗಿತ್ತು. ನಡುವೆ ಒಂದೊಂದು ಮಗುವಿಗೆ ಒಂದೊಂದು ಪುಟ್ಟ ಪಾತಿ. ಅವುಗಳ ಸುತ್ತಲೂ ಎಲ್ಲರಿಗೂ ಸೇರಿದ ಪಾತಿಗಳು. ತನ್ನ ಪಾತಿಯಲ್ಲಿ ಮಗು ತನಗೆ ತೋಚಿದಂತೆ ಬಿತ್ತಬಹುದು, ಕೆಡಿಸಲೂಬಹುದು. ಸಾಮಾನ್ಯ ಪಾತಿಯನ್ನು ಮಾತ್ರ ಎಲ್ಲರೂ ಕೂಡಿಯೇ ನೋಡಿಕೊಳ್ಳಬೇಕು. ಕೆಡಿಸುವ ಸ್ವಾತಂತ್ರ್ಯವನ್ನೂ ಮಗುವಿಗೆ ಬಿಟ್ಟುಕೊಟ್ಟ ಆತನ ಧೈರ್ಯ ಸಾಮಾನ್ಯವಾದುದಲ್ಲ. ಪ್ರಷ್ಯದ ಸರಕಾರವು 1851ರಲ್ಲಿ ಇಂತಹ ಶಾಲೆಗಳನ್ನೇ ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡನು. ನಿಷೇಧ ತೆಗೆದದ್ದು 1860ರಲ್ಲಿ.

ನಮ್ಮ ಊರೂರಿನ ಅಂಗನವಾಡಿಯ ಹೆಸರಿನಲ್ಲಿಯೂ ಒಂದು ತೋಟ ಅಡಗಿದೆ. ಮರಾಠಿ, ಗುಜರಾತಿ ಭಾಷೆಗಳಲ್ಲಿ ‘ವಾಡಿ’ ಎಂಬುದಕ್ಕೆ ತೋಟವೆಂಬ ಅರ್ಥವುಂಟು. ಹೆಸರಿನಲ್ಲಿರುವ ತೋಟ ಅಂಗಳದಲ್ಲಿಯೂ ಇರುವುದೇ ಎಂದರೆ, ಎಲ್ಲ ಕಡೆಯೂ ಇಲ್ಲ. ಜಾಗವಿಲ್ಲ, ನೀರಿಲ್ಲ, ಬೇಲಿಯಿಲ್ಲದುದರಿಂದ ಮೇಕೆ ನುಗ್ಗುತ್ತದೆ ಎಂಬ ಕಾರಣಗಳು ಕೇಳಿಬರುತ್ತವೆ. ಇವು ಸುಳ್ಳಲ್ಲ. ಆದರೆ ಐದು ವರ್ಷದ ಮಗುವಿಗೆ ಬೇಕಾದ ತೋಟ ಒಂದು ತೆಂಗಿನ ಕರಟದಷ್ಟು ದೊಡ್ಡದಾದರೆ ಸಾಕು.

ಕರಟದ ಕಣ್ಣನ್ನು ಚುಚ್ಚಿ ತೂತು ಮಾಡಬೇಕು. ಈ ತೂತನ್ನು ಮರೆತರೆ ಉಳಿದ ಶ್ರಮವೆಲ್ಲ ವ್ಯರ್ಥ. ಏಕೆಂದರೆ ಬೇರೂ ಉಸಿರಾಡುತ್ತದೆ. ನೀರು ನಿಂತ ಮಣ್ಣಿನಲ್ಲಿ ಗಾಳಿಗೆ ಎಡೆಯಿಲ್ಲದೆ ಬೇರು ಕೊಳೆಯುತ್ತದೆ. ಮಕ್ಕಳ ತೋಟದಲ್ಲಿ ನೀರಿಲ್ಲದೆ ಒಣಗುವ ಗಿಡಗಳಿಗಿಂತ, ಪ್ರೀತಿ ಹೆಚ್ಚಾಗಿ ನೀರುಂಡು ಸಾಯುವ ಗಿಡಗಳೇ ಹೆಚ್ಚೆನ್ನಬಹುದು. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇವನ್ನು ಸಮವಾಗಿ ಬೆರೆಸಿ ತುಂಬಿದರೆ ಮಣ್ಣು ಸಿದ್ಧವಾಯಿತು.

ಬೀಜದ ಆಯ್ಕೆಯಲ್ಲಿ ಎಚ್ಚರ ಬೇಕು. ಎಳೆಯ ಮಗುವಿಗೆ ಒಂದು ವಾರವೆಂದರೆ ಬಹು ದೀರ್ಘವಾದ ಕಾಲ. ಕೊತ್ತಂಬರಿ ಮೊಳೆಯಲು ಹತ್ತು ಹದಿನೈದು ದಿನ ಹಿಡಿಯಬಹುದು. ಅಷ್ಟರಲ್ಲಿ ಮಗು ಕರಟವನ್ನೇ ಮರೆತಿರುತ್ತದೆ. ಹರಿವೆಯ ಬೀಜ ಎಳೆಯ ಬೆರಳಿಗೆ ಸಿಕ್ಕುವುದಿಲ್ಲ. ಮೆಂತ್ಯವಾದರೆ ಮೂರು ನಾಲ್ಕು ದಿನಗಳಲ್ಲಿಯೇ ತಲೆಯೆತ್ತುತ್ತದೆ. ಅವರೆಕಾಳು ಕೈಗೆ ಸಿಕ್ಕುವಷ್ಟು ದಪ್ಪ. ಇವೆರಡರಿಂದ ಆರಂಭಿಸುವುದು ಲೇಸು.

ಇನ್ನು ಕೆದಕಿ ನೋಡುವ ಮಗುವಿನ ಮಾತು. ಒಂದು ಗಾಜಿನ ಲೋಟದ ಒಳಮೈಗೆ ಒದ್ದೆಯ ಬಟ್ಟೆಯನ್ನು ಒತ್ತಾಗಿ ಸುತ್ತಿ, ಗಾಜಿಗೂ ಬಟ್ಟೆಗೂ ನಡುವೆ ರಾತ್ರಿಯೆಲ್ಲ ನೆನೆಸಿದ ಅವರೆಕಾಳುಗಳನ್ನು ಸಿಕ್ಕಿಸಿ, ಬಟ್ಟೆ ಒಣಗದಂತೆ ನೋಡಿಕೊಂಡರೆ ಮಣ್ಣಿನ ಗುಟ್ಟೆಲ್ಲ ಬಯಲಾಗುತ್ತದೆ. ಕಾಳು ಉಬ್ಬುತ್ತದೆ, ಸಿಪ್ಪೆ ಬಿರಿಯುತ್ತದೆ, ಮೊದಲು ಹೊರಡುವುದು ಬೇರು. ಅವರೆ ತನ್ನ ಎರಡು ಬೇಳೆಗಳನ್ನು ಹೊತ್ತುಕೊಂಡೇ ಮೇಲಕ್ಕೇಳುತ್ತದೆ. ಕಡಲೆ, ತೊಗರಿಗಳು ಬೇಳೆಗಳನ್ನು ಕೆಳಗೇ ಉಳಿಸಿ ಕುಡಿಯನ್ನು ಮಾತ್ರ ಕಳುಹಿಸುತ್ತವೆ. ಪಕ್ಕದಲ್ಲಿ ನಾಲ್ಕು ಹುರಿಗಡಲೆಯನ್ನೂ ಇಡಬಹುದು. ಅದೂ ಕಡಲೆಯೇ, ಆದರೆ ಬೆಂಕಿಯ ಕಾವಿಗೆ ಒಳಗಿನ ಜೀವ ಹೋಗಿದೆ. ಎಷ್ಟು ನೀರುಂಡರೂ ಅದು ಮೊಳೆಯದೆ ಹಳಸಿ ನಾರುತ್ತದೆ. ಬೀಜವೆಂಬುದು ಜೀವವುಳ್ಳ ವಸ್ತು ಎಂಬುದನ್ನು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ತೋರಿಸುವ ಬಗೆಯನ್ನು ನಾನು ಕಾಣೆ.

ಬೇರು ಒಂದಂಗುಲ ಬೆಳೆದ ಮೇಲೆ ಲೋಟವನ್ನು ಅಡ್ಡ ಮಲಗಿಸಿದರೆ, ಒಂದೆರಡು ದಿನಗಳಲ್ಲಿ ಬೇರು ಬಾಗಿ ಮತ್ತೆ ನೆಲದ ಕಡೆಗೆ ತಿರುಗುತ್ತದೆ. ಕತ್ತಲೆಯಲ್ಲಿಟ್ಟರೂ ಅಷ್ಟೆ. 1806ರಲ್ಲಿ ಇಂಗ್ಲೆಂಡಿನ ಥಾಮಸ್ ಆಂಡ್ರೂ ನೈಟ್ ಎಂಬಾತನು ನೀರಿನ ಬಲದಿಂದ ತಿರುಗುವ ಗಾಲಿಗೆ ಬೀಜಗಳನ್ನು ಕಟ್ಟಿ ಮೊಳೆಯಿಸಿದನು. ವೇಗವಾಗಿ ತಿರುಗುತ್ತಿದ್ದ ಆ ಗಾಲಿಯಲ್ಲಿ ಬೇರುಗಳು ಹೊರಮುಖವಾಗಿಯೂ ಕುಡಿಗಳು ಒಳಮುಖವಾಗಿಯೂ ಬೆಳೆದವು. ಬೇರಿಗೆ ದಾರಿ ತೋರುವುದು ಮಣ್ಣಲ್ಲ, ನೀರೂ ಅಲ್ಲ, ಸೆಳೆತದ ಬಲವೆಂದು ಇದರಿಂದ ತಿಳಿಯಿತು. ಬೇರಿನ ತುದಿಯ ಕೋಶಗಳಲ್ಲಿರುವ ಪಿಷ್ಟದ ಕಣಗಳು ಕೆಳಬದಿಗೆ ಜಾರಿ ನಿಂತು ‘ಕೆಳಗೆ’ ಎಂಬುದು ಯಾವ ಕಡೆಯೆಂದು ಸೂಚಿಸುತ್ತವೆ. ಇದನ್ನೆಲ್ಲ ಐದು ವರ್ಷದವರಿಗೆ ಹೇಳಬೇಕಾದುದಿಲ್ಲ. ಬೇರು ಬಾಗಿದುದನ್ನು ಅವರು ತಾವೇ ಕಂಡು ಕೂಗಿಕೊಂಡರೆ ಸಾಕು. ನಿಮಗೆ ತಿಳಿದಿರಲಿ ಎಂದು ಹೇಳಿದೆ.

ಎಲ್ಲ ಕರಟಗಳಲ್ಲಿಯೂ ಗಿಡ ಬರುವುದಿಲ್ಲ. ಹತ್ತು ಮಕ್ಕಳಲ್ಲಿ ಒಂದಿಬ್ಬರ ಕರಟ ಬರಿದಾಗಿಯೇ ಉಳಿಯುತ್ತದೆ. ಆ ಮಗು ದಿನವೂ ಬಂದು ನೋಡಿ ಮುಖ ಬಾಡಿಸಿಕೊಂಡು ನಿಲ್ಲುವುದನ್ನು ಸಹಿಸಲಾರದೆ, ಸಂಜೆ ಮಕ್ಕಳೆಲ್ಲ ಹೋದ ಮೇಲೆ ಬೇರೊಂದು ಸಸಿಯನ್ನು ಗುಟ್ಟಾಗಿ ನೆಟ್ಟುಬಿಡುವ ಅಧ್ಯಾಪಕಿಯರುಂಟು. ಅವರ ಕರುಣೆ ದೊಡ್ಡದು. ಆದರೂ ನನಗೆ ಅದು ಸರಿಯೆಂದು ತೋರುವುದಿಲ್ಲ. ಮಗು ಕೈಯಾರೆ ಮಾಡಿ ಕಣ್ಣಾರೆ ನೋಡಿದ ಒಂದೇ ಪ್ರಯೋಗದಲ್ಲಿ ನಾವು ಸುಳ್ಳನ್ನು ಸೇರಿಸಿದಂತಾಯಿತು. ಅದಕ್ಕಿಂತ ಮಗುವಿನೊಡನೆ ಕುಳಿತು ಆ ಮಣ್ಣನ್ನು ಕೆದಕಿ ನೋಡುವುದು ಮೇಲು. ಕಾಳು ಕೊಳೆತಿದೆಯೇ? ಇರುವೆ ತಿಂದಿದೆಯೇ? ಬಹಳ ಆಳಕ್ಕೆ ಹೋಗಿದೆಯೇ? ಕಾರಣ ತಿಳಿದ ಮೇಲೆ ಮಗುವಿನ ಕೈಗೇ ಇನ್ನೊಂದು ಕಾಳನ್ನು ಕೊಡಬೇಕು. ಅಳು ಬಂದರೆ ಸ್ವಲ್ಪ ಹೊತ್ತು ಅಳಲಿ.

ಕೆಲವು ಅಪಾಯಗಳನ್ನು ಹೇಳದೆ ಬಿಡುವಂತಿಲ್ಲ. ಅಂಗಡಿಯಲ್ಲಿ ಬಿತ್ತನೆಗೆಂದು ಮಾರುವ ಬಣ್ಣ ಹಚ್ಚಿದ ಬೀಜಕ್ಕೆ ಸಾಮಾನ್ಯವಾಗಿ ಔಷಧಿ ಲೇಪಿಸಿರುತ್ತಾರೆ. ಅದನ್ನು ಮಕ್ಕಳ ಕೈಗೆ ಕೊಡಲೇಬಾರದು. ಹರಳು, ಗುಲಗಂಜಿ, ದತ್ತೂರಿಗಳ ಬೀಜ ವಿಷ. ಕಣಗಿಲೆಯ ಗಿಡವೇ ವಿಷ. ತೀರ ಚಿಕ್ಕವರು ಕಾಳನ್ನು ಮೂಗಿಗೆ ತುರುಕಿಕೊಳ್ಳುವುದುಂಟು. ಆದುದರಿಂದ ಎಣಿಸಿ ಕೊಟ್ಟು, ಊರುವವರೆಗೂ ಕಣ್ಣಿಟ್ಟಿರಬೇಕು. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯುವುದೂ ತೋಟದ ಕೆಲಸದ ಒಂದು ಭಾಗವೇ.

ಇವೆಲ್ಲಕ್ಕಿಂತ ಮಿಗಿಲಾದ ಅಪಾಯವೊಂದುಂಟು; ಅದು ಗಿಡದಿಂದ ಬರುವುದಲ್ಲ. ಪಾಠ ಒಪ್ಪಿಸದವನನ್ನು ಕಳೆ ಕೀಳಲು ಕಳುಹಿಸುವುದು, ಗೊಬ್ಬರ ಹೊರುವ ಕೆಲಸವನ್ನು ಯಾವಾಗಲೂ ಕೆಲವೇ ಮಕ್ಕಳಿಗೆ ವಹಿಸುವುದು, ನೀರು ತರುವುದು ಹೆಣ್ಣುಮಕ್ಕಳ ಪಾಲೆಂದು ಬಿಡುವುದು. ಹೀಗೆ ಮಾಡಿದ ಶಾಲೆಯ ತೋಟ ಎಷ್ಟು ಸೊಂಪಾಗಿದ್ದರೇನು? ಮಣ್ಣನ್ನು ಮುಟ್ಟುವುದು ಶಿಕ್ಷೆಯೆಂದೂ ಕೀಳೆಂದೂ ಅಲ್ಲಿ ಮಕ್ಕಳು ಕಲಿತುಬಿಡುತ್ತಾರೆ. 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕೆಲಸದ ಮೂಲಕ ಶಿಕ್ಷಣವೆಂಬ ವಿಚಾರವನ್ನು ಮುಂದಿಟ್ಟದ್ದು ಈ ಭಾವನೆಯನ್ನು ತೊಡೆಯುವುದಕ್ಕಾಗಿಯೂ ಹೌದು. ಸರದಿಯ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿ, ನೀರು, ಗೊಬ್ಬರ, ಕಳೆ ಮೂರೂ ಎಲ್ಲರಿಗೂ ಬರುವಂತೆ ಮಾಡುವುದು ಕಷ್ಟವಲ್ಲ. ಅಧ್ಯಾಪಕರ ಹೆಸರೂ ಆ ಪಟ್ಟಿಯಲ್ಲಿರಲಿ.

ಬಿತ್ತಿದ ಮೂರು ನಾಲ್ಕು ವಾರಗಳಿಗೆ ಮೆಂತ್ಯದ ಸೊಪ್ಪು ಕೊಯ್ಲಿಗೆ ಬರುತ್ತದೆ. ಇಪ್ಪತ್ತು ಕರಟಗಳ ಸೊಪ್ಪನ್ನೆಲ್ಲ ಸೇರಿಸಿದರೂ ಒಂದೆರಡು ಹಿಡಿಯಾಗಬಹುದು. ಅದನ್ನು ತೊಳೆದು ಬಿಸಿಯೂಟದ ಸಾರಿಗೆ ಹಾಕಿಸಬೇಕು. ಅಷ್ಟು ದೊಡ್ಡ ಪಾತ್ರೆಯಲ್ಲಿ ಆ ಸೊಪ್ಪಿನ ರುಚಿ ಯಾರಿಗೂ ತಿಳಿಯುವಂತಿಲ್ಲ. ಮಕ್ಕಳು ಮಾತ್ರ ತಟ್ಟೆಯಲ್ಲಿ ಹಸಿರು ಎಲೆಯೊಂದನ್ನು ಹುಡುಕಿ ತೆಗೆದು, ಇದು ನನ್ನ ಕರಟದ್ದು ಎಂದು ಪಕ್ಕದವರಿಗೆ ತೋರಿಸುತ್ತಾರೆ.