ಡಬ್ಬಿ ನೋಡಿ ಮರುಳಾಗಬೇಡ್ರಿ, ಹಿಂದಿನ ಪಟ್ಟಿ ಓದ್ರಿ

ಸೊಲ್ಲಾಪುರ: ಏಪ್ರಿಲ್-ಮೇ ತಿಂಗಳಲ್ಲಿ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಹೊಸ ಮಾತಲ್ಲ. ಪವರ್‌ಲೂಮ್ ಶೆಡ್ಡಿನಲ್ಲಿ ದಿನವಿಡೀ ನಿಂತು ದುಡಿಯುವವರಿಗೆ, ತುಂಬಿದ ಎಸ್.ಟಿ. ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಹುಡುಗ-ಹುಡುಗಿಯರಿಗೆ ಬೆವರಿನ ನಾತದ್ದೇ ಚಿಂತೆ. ‘ಬೆವರು ನಿಲ್ಲೋ ಸ್ಪ್ರೇ ಕೊಡ್ರಿ’ ಅಂತ ಕೇಳಿ ತಂದ ಡಬ್ಬಿ ಬಹಳ ಸಲ ಬೆವರು ತಡೆಯುವಂಥದ್ದೇ ಆಗಿರುವುದಿಲ್ಲ. ಕನ್ನಡ, ಮರಾಠಿ ಎರಡನ್ನೂ ಸಲೀಸಾಗಿ ಓದುವ ನಮ್ಮ ಮಂದಿಗೆ ಡಬ್ಬಿಯ ಹಿಂದಿನ ಸಣ್ಣಕ್ಷರದ ಇಂಗ್ಲಿಷ್ ಪಟ್ಟಿಯೇ ತೊಡಕು. ಆದರೆ ನಾಲ್ಕೈದು ಹೆಸರು ಗುರುತಿಟ್ಟುಕೊಂಡರೆ ಸಾಕು, ಕೊಟ್ಟ ರೊಕ್ಕಕ್ಕೆ ಏನು ಬಂತು ಎಂಬುದು ತಿಳಿಯುತ್ತದೆ.

ಎರಡೂ ಒಂದೇ ಅಲ್ಲ

ಆಗಷ್ಟೇ ಬಂದ ಬೆವರಿಗೆ ಹೆಚ್ಚುಕಡಿಮೆ ವಾಸನೆಯೇ ಇರುವುದಿಲ್ಲ. ಹರೆಯಕ್ಕೆ ಬಂದ ಮೇಲೆ ಕಂಕುಳಿನ ಕೆಲವು ಗ್ರಂಥಿಗಳು ಕೆಲಸ ಶುರು ಮಾಡುತ್ತವೆ. ಅವು ಸುರಿಸುವ ಬೆವರನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾ ಒಡೆದಾಗ ನಾತ ಹುಟ್ಟುತ್ತದೆ. ಡಿಯೋಡರೆಂಟ್ ಈ ಬ್ಯಾಕ್ಟೀರಿಯಾವನ್ನು ತಗ್ಗಿಸುತ್ತದೆ, ನಾತವನ್ನು ಸುವಾಸನೆಯಿಂದ ಮುಚ್ಚುತ್ತದೆ. ಬೆವರು ಮಾತ್ರ ಬರುತ್ತಲೇ ಇರುತ್ತದೆ. ಆಂಟಿಪರ್ಸ್ಪಿರಂಟ್ ಹಾಗಲ್ಲ, ಅದು ಬೆವರನ್ನೇ ಕಡಿಮೆ ಮಾಡುತ್ತದೆ. ಇದರಲ್ಲಿರುವ ಅಲ್ಯುಮಿನಿಯಂ ಲವಣ ಬೆವರಿನಲ್ಲಿ ಕರಗಿ, ರಂಧ್ರದ ಬಾಯಿಗೆ ತಾತ್ಕಾಲಿಕ ಬಿರಡೆಯಂತೆ ಕೂಡುತ್ತದೆ. ಪೂರ್ತಿ ಬೆವರು ನಿಲ್ಲುತ್ತದೆಂಬ ಆಸೆ ಬೇಡ. ಅಮೆರಿಕದ ಎಫ್‌ಡಿಎ ಸಾಮಾನ್ಯ ಆಂಟಿಪರ್ಸ್ಪಿರಂಟ್‌ಗೆ ಇಟ್ಟ ಅಳತೆ ಬೆವರಿನಲ್ಲಿ ಶೇ 20ರಷ್ಟು ಇಳಿಕೆ ಮಾತ್ರ.

ಪಟ್ಟಿ ಓದುವ ಬಗೆ

ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮದಂತೆ, ಶೇ 1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅಂದರೆ ಮೊದಲ ಹೆಸರಿನದೇ ದೊಡ್ಡ ಪಾಲು.

‘ಅಲ್ಯುಮಿನಿಯಂ ಕ್ಲೋರೋಹೈಡ್ರೇಟ್’ ಅಥವಾ ‘ಅಲ್ಯುಮಿನಿಯಂ ಜಿರ್ಕೋನಿಯಂ’ ಎಂದು ಶುರುವಾಗುವ ಹೆಸರಿದ್ದರೆ ಅದು ಬೆವರು ತಗ್ಗಿಸುವ ವಸ್ತು. ರೋಲ್-ಆನ್‌ಗಳಲ್ಲಿ ಇದು ಹೆಚ್ಚಾಗಿ ಸಿಗುತ್ತದೆ. ‘ಆಲ್ಕೋಹಾಲ್’, ‘ಪರ್ಫ್ಯೂಮ್’ ಅಷ್ಟೇ ಇದ್ದು ಅಲ್ಯುಮಿನಿಯಂ ಹೆಸರೇ ಇಲ್ಲದಿದ್ದರೆ, ಸಿಗುವುದು ಸುವಾಸನೆ ಮಾತ್ರ. ‘ಬ್ಯೂಟೇನ್, ಐಸೊಬ್ಯೂಟೇನ್, ಪ್ರೊಪೇನ್’ ಅಂದರೆ ಡಬ್ಬಿಯಿಂದ ಸ್ಪ್ರೇ ಹೊರದಬ್ಬುವ ಗ್ಯಾಸ್. ಅಡುಗೆ ಸಿಲಿಂಡರಿನಲ್ಲಿ ಇರುವುದೂ ಇದೇ ಜಾತಿಯ ಗ್ಯಾಸು. ಪಟ್ಟಿಯ ಆರಂಭದಲ್ಲೇ ಇವಿದ್ದರೆ 150 ಮಿಲಿ ಡಬ್ಬಿಯಲ್ಲಿ ಗ್ಯಾಸಿನದೇ ದೊಡ್ಡ ಪಾಲು. ಆದ್ದರಿಂದ 50 ಮಿಲಿ ರೋಲ್-ಆನ್ ಜೊತೆ ಬರೀ ಮಿಲಿ ಲೆಕ್ಕದಲ್ಲಿ ದರ ಹೋಲಿಸುವುದು ಸರಿಯಲ್ಲ. ಒಲೆ, ದೀಪದ ಹತ್ತಿರ ಇಂಥ ಸ್ಪ್ರೇ ಹೊಡೆಯಲೇಬೇಡಿ.

ತುರಟಿಯೂ ಅಲ್ಯುಮಿನಿಯಮ್ಮೇ

ಕ್ಷೌರದ ಅಂಗಡಿಯಲ್ಲಿ ಗಡ್ಡ ಕೆರೆದ ಮೇಲೆ ತಿಕ್ಕುವ ಪಟಿಕ, ಅಂದರೆ ಮರಾಠಿಯ ತುರಟಿ, ಇದೇ ಬಳಗದ್ದು. ಅದು ಪೊಟ್ಯಾಸಿಯಂ ಮತ್ತು ಅಲ್ಯುಮಿನಿಯಂ ಸಲ್ಫೇಟ್. ಒದ್ದೆ ಕಂಕುಳಿಗೆ ತುಸು ತಿಕ್ಕಿದರೆ ಬ್ಯಾಕ್ಟೀರಿಯಾ ತಗ್ಗಿ ನಾತ ಕಡಿಮೆಯಾಗುತ್ತದೆ, ಖರ್ಚೂ ಕಡಿಮೆ. ಆದರೆ ಬೆವರು ತಡೆಯುವಲ್ಲಿ ಅದು ರೋಲ್-ಆನ್‌ನಷ್ಟು ಬಲವಲ್ಲ. ‘ನೈಸರ್ಗಿಕ ಕ್ರಿಸ್ಟಲ್’ ಎಂದು ದುಬಾರಿ ದರಕ್ಕೆ ಮಾರುವುದೂ ಬಹುತೇಕ ಇದೇ ಪಟಿಕ. ‘ಪೊಟ್ಯಾಸಿಯಂ ಆಲಮ್’ ಎಂಬ ಹೆಸರಿದ್ದರೆ ಅದನ್ನು ಅಲ್ಯುಮಿನಿಯಂ ಇಲ್ಲದ್ದು ಎನ್ನಲಾಗದು.

ಕ್ಯಾನ್ಸರ್ ಭಯ

ಅಲ್ಯುಮಿನಿಯಂನಿಂದ ಸ್ತನ ಕ್ಯಾನ್ಸರ್ ಬರುತ್ತದೆಂಬ ಮಾತು ಹೆಣ್ಣುಮಕ್ಕಳ ನಡುವೆ ಹರಿದಾಡುತ್ತಿದೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನ, ಸ್ತನ ಕ್ಯಾನ್ಸರ್ ಇದ್ದ 813 ಹಾಗೂ ಇಲ್ಲದ 793 ಮಹಿಳೆಯರನ್ನು ಹೋಲಿಸಿ ನೋಡಿತು. ಎರಡಕ್ಕೂ ನಂಟು ಕಾಣಲಿಲ್ಲ. ಯುರೋಪಿನ ವಿಜ್ಞಾನಿಗಳ ಸಮಿತಿ 2020ರಲ್ಲಿ ಸ್ಪ್ರೇ ಅಲ್ಲದ ಬಗೆಯಲ್ಲಿ ಅಲ್ಯುಮಿನಿಯಂ ಶೇ 6.25ರವರೆಗೆ, ಸ್ಪ್ರೇಗಳಲ್ಲಿ ಶೇ 10.60ರವರೆಗೆ ಸುರಕ್ಷಿತ ಎಂದಿತು. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಬಳಸಬೇಕು.

ಬಳಸುವಾಗ

ಆಂಟಿಪರ್ಸ್ಪಿರಂಟನ್ನು ರಾತ್ರಿ ಮಲಗುವಾಗ, ಒಣಗಿದ ಚರ್ಮಕ್ಕೆ ಹಚ್ಚಿದರೆ ಹೆಚ್ಚು ಫಲ. ಆಗ ಬೆವರು ಕಡಿಮೆ ಇರುವುದರಿಂದ ಲವಣ ತೊಳೆದುಹೋಗುವುದಿಲ್ಲ. ಗಾಯ ಆದಲ್ಲಿ, ಆಗಷ್ಟೇ ಕೂದಲು ತೆಗೆದಲ್ಲಿ ಹಚ್ಚಬೇಡಿ, ಉರಿಯುತ್ತದೆ. ತುರಿಕೆ, ಕೆಂಪು ಗುಳ್ಳೆ ಎದ್ದರೆ ಬಿಟ್ಟುಬಿಡಿ, ಹೆಚ್ಚಾಗಿ ಅದಕ್ಕೆ ಸುವಾಸನೆ ದ್ರವ್ಯವೇ ಕಾರಣ. ಬಿಳಿ ಅಂಗಿಯ ಬಗಲಲ್ಲಿ ಹಳದಿ ಕಲೆ ಬೀಳುವುದು ಬೆವರು ಮತ್ತು ಅಲ್ಯುಮಿನಿಯಂ ಕೂಡಿದಾಗ. ಹಚ್ಚಿದ್ದು ಪೂರ್ತಿ ಆರಿದ ಮೇಲೆ ಅಂಗಿ ತೊಟ್ಟರೆ ಕಲೆ ಕಡಿಮೆ.

ಸೆಕೆ ಇಲ್ಲದಾಗಲೂ ಅಂಗೈ, ಕಂಕುಳು ಹನಿಯುತ್ತಿದ್ದರೆ ಚರ್ಮ ವೈದ್ಯರಲ್ಲಿ ಅದಕ್ಕೆ ಚಿಕಿತ್ಸೆ ಇದೆ. ಎದೆನೋವಿನ ಜೊತೆ ಒಮ್ಮೆಲೇ ತಣ್ಣನೆ ಬೆವರು ಒಡೆದರೆ ಮಾತ್ರ ತಡ ಮಾಡದೆ ದವಾಖಾನೆಗೆ ಹೋಗಬೇಕು.